ಸ್ಯಾಕ್ಸೊಫೋನು ಕಲಿಯುವ ಹುಡುಗನ ಪರವಾಗಿ



ಸಂಜೆಯ ಗಂಟೆ ಬಾರಿಸಿ ತರಗತಿಗಳೆಲ್ಲ ಬರಿದಾದ ಮೇಲೆ ನಮ್ಮ ಶಾಲೆಯ ಹಿಂಬದಿಯ ಕೋಣೆಯಿಂದ ಒಂದು ವಿಚಿತ್ರವಾದ ಧ್ವನಿ ಕೇಳಿಬರುತ್ತಿರುವುದನ್ನು ನೀವೆಲ್ಲ ಬಲ್ಲಿರಿ. ಅದು ಒಮ್ಮೆ ಬಾತುಕೋಳಿ ಕೂಗಿದಂತಿರುತ್ತದೆ. ಒಮ್ಮೆ ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದಂತಿರುತ್ತದೆ. ಅಪರೂಪಕ್ಕೊಮ್ಮೆ, ಒಂದೆರಡು ಕ್ಷಣಗಳ ಮಟ್ಟಿಗೆ, ಜೇನು ಸುರಿದಂತೆಯೂ ಇರುತ್ತದೆ. ನಮ್ಮ ವಾದ್ಯವೃಂದಕ್ಕೆ ಹಿತೈಷಿಗಳೊಬ್ಬರು ಕೊಟ್ಟ ಹಳೆಯ ಸ್ಯಾಕ್ಸೊಫೋನನ್ನು ಎಂಟನೆಯ ತರಗತಿಯ ಹುಡುಗನೊಬ್ಬನು ಅಭ್ಯಾಸ ಮಾಡುತ್ತಿರುವ ಧ್ವನಿ ಅದು. ಅದನ್ನು ಕೇಳಿ ಕಿಟಕಿಯ ಹೊರಗೆ ನಿಂತು ನಕ್ಕವರು ನಿಮ್ಮಲ್ಲಿ ಅನೇಕರಿದ್ದೀರಿ. ಈ ಲೇಖನವು ಮುಖ್ಯವಾಗಿ ನಿಮಗೋಸ್ಕರವೇ.

ಕಳೆದ ದೀಪಾವಳಿಯ ರಜೆಗೆ ಮುನ್ನ ಆ ಹುಡುಗನ ತಂದೆ ನನ್ನನ್ನು ಕಾಣಲು ಬಂದಿದ್ದರು. ಅವರು ಕಲಬುರಗಿಯ ಕಡೆಯವರು. ಈ ಊರಿನಲ್ಲಿ ಏಳುತ್ತಿರುವ ಎತ್ತರದ ಕಟ್ಟಡಗಳಲ್ಲಿ ಗೌಂಡಿ ಕೆಲಸ ಮಾಡುವವರು. ಕೂರಲು ಹೇಳಿದರೂ ಕೂರಲಿಲ್ಲ. "ಸರ್, ನಾ ಇಷ್ಟು ದೂರ ಬಂದು ಇಟ್ಟಂಗಿ ಹೊರೋದು ಈ ಹುಡುಗ ಸಾಲಿ ಕಲೀಲಿ ಅಂತ. ಲಗ್ನದಾಗ ಬಾಜಾ ಊದೋದು ಕಲಸಬ್ಯಾಡ್ರಿ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ಭಯವಿತ್ತು. ಆ ಕ್ಷಣಕ್ಕೆ ನನ್ನಲ್ಲಿ ತಕ್ಕ ಉತ್ತರವೂ ಇರಲಿಲ್ಲ. ಅಂದಿನಿಂದ ಯೋಚಿಸಿ ಯೋಚಿಸಿ ಕೂಡಿಸಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ವಾದ್ಯದ ಕುಲಗೋತ್ರವನ್ನು ತಿಳಿಯುವುದು ಒಳ್ಳೆಯದು. ಅಡಾಲ್ಫ್ ಸ್ಯಾಕ್ಸ್ ಎಂಬಾತನು 1814 ರಲ್ಲಿ ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ ಹುಟ್ಟಿದನು. ಅವನ ತಂದೆಯೂ ವಾದ್ಯ ತಯಾರಕನೇ. ಆ ಕಾಲದ ಸೈನ್ಯದ ವಾದ್ಯವೃಂದಗಳಲ್ಲಿ ಹಿತ್ತಾಳೆಯ ತುತ್ತೂರಿಗಳ ಅಬ್ಬರದ ಮುಂದೆ ಮರದ ಊದುವಾದ್ಯಗಳ ಮೃದುವಾದ ದನಿ ಅಡಗಿಹೋಗುತ್ತಿತ್ತು. ಮರದ ವಾದ್ಯದ ಚುರುಕೂ ಹಿತ್ತಾಳೆಯ ಶಕ್ತಿಯೂ ಒಂದೆಡೆ ಕೂಡಿದರೆ ಹೇಗಿದ್ದೀತು ಎಂದು ಅವನು ಯೋಚಿಸಿದನು. ಹಾಗೆ ಹುಟ್ಟಿದ ವಾದ್ಯಕ್ಕೆ 1846 ರಲ್ಲಿ ಫ್ರಾನ್ಸಿನಲ್ಲಿ ಹಕ್ಕುಪತ್ರ ದೊರೆಯಿತು. ಹೆಸರು ಜಗತ್ತಿನಲ್ಲಿ ಉಳಿಯಿತು. ಆದರೆ ಅವನ ಬಾಳು ಎದುರಾಳಿಗಳೊಡನೆ ವ್ಯಾಜ್ಯದಲ್ಲಿಯೂ ದಿವಾಳಿಯಲ್ಲಿಯೂ ಸವೆಯಿತು. 1894 ರಲ್ಲಿ ಅವನು ಪ್ಯಾರಿಸಿನಲ್ಲಿ ತೀರಿಕೊಂಡನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಸ್ಯಾಕ್ಸೊಫೋನು ರಾಜಸಭೆಗೆಂದು ಹುಟ್ಟಿದುದಲ್ಲ, ಬೀದಿಯಲ್ಲಿ ನಡೆಯುತ್ತ ನುಡಿಸುವ ಬ್ಯಾಂಡಿಗೆಂದು ಹುಟ್ಟಿದ್ದು. ಆದುದರಿಂದ ಬ್ಯಾಂಡಿನ ಹುಡುಗನ ಕೈಯಲ್ಲಿ ಅದು ಇದ್ದರೆ ಅದು ತನ್ನ ತವರಿನಲ್ಲಿಯೇ ಇದೆ ಎನ್ನಬೇಕು.

ಮೈಯೆಲ್ಲ ಹಿತ್ತಾಳೆಯಾದರೂ ಇದನ್ನು ಬಲ್ಲವರು ಮರದ ವಾದ್ಯಗಳ ಜಾತಿಗೆ ಸೇರಿಸುತ್ತಾರೆ. ಇದರ ದನಿ ಹುಟ್ಟುವುದು ಲೋಹದಲ್ಲಿ ಅಲ್ಲ, ಮೌತ್‌ಪೀಸಿಗೆ ಬಿಗಿದ ತೆಳುವಾದ ಬೆತ್ತದಂತಹ ರೀಡಿನ ಕಂಪನದಲ್ಲಿ. ನಮ್ಮ ನಾಗಸ್ವರದಲ್ಲಿ ಜೋಡಿ ರೀಡು, ಇದರಲ್ಲಿ ಒಂಟಿ ರೀಡು. ಎರಡರ ಕೊಳವೆಯೂ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತ ಹೋಗುತ್ತದೆ. ರೀಡನ್ನು ಬಾಯಲ್ಲಿ ತೇವ ಮಾಡಿಕೊಳ್ಳಬೇಕು. ಮೇಲಿನ ಹಲ್ಲನ್ನು ಮೌತ್‌ಪೀಸಿನ ಮೇಲಿರಿಸಿ ಕೆಳದುಟಿಯನ್ನು ಮೆತ್ತೆಯಂತೆ ರೀಡಿನಡಿ ಹಿಡಿಯಬೇಕು. ಉಸಿರನ್ನು ಎದೆಯಿಂದಲ್ಲ, ಹೊಟ್ಟೆಯಿಂದ ಎತ್ತಿ ಒಂದೇ ಸಮನೆ ಬಿಡಬೇಕು. ತುಟಿ ಬಿಗಿಯಾದರೆ ಕೀರಲು, ಸಡಿಲವಾದರೆ ಬರಿಯ ಗಾಳಿ. ಬೆರಳುಗಳು ಇಪ್ಪತ್ತಕ್ಕೂ ಹೆಚ್ಚು ಕೀಲಿಗಳ ಮೇಲೆ ಓಡಾಡುವುದು ಆಮೇಲಿನ ಮಾತು. ಮೊದಲ ಕೆಲವು ವಾರ ಗುರುವು ಕಲಿಸುವುದು ಒಂದೇ: ಒಂದು ಸ್ವರವನ್ನು ಅಲುಗಾಡದಂತೆ, ಉಸಿರು ಮುಗಿಯುವ ತನಕ ಹಿಡಿದು ನಿಲ್ಲಿಸುವುದು. ಕಿಟಕಿಯ ಹೊರಗೆ ನಿಂತು ನೀವು ಕೇಳಿ ನಕ್ಕದ್ದು ಈ ಪಾಠವನ್ನು. "ಹಾಡುತ್ತ ಹಾಡುತ್ತ ರಾಗ" ಎಂಬ ಗಾದೆಯನ್ನು ವ್ಯಾಕರಣದ ಪುಸ್ತಕದಲ್ಲಿ ಬಾಯಿಪಾಠ ಮಾಡುವ ನಾವು, ಅದು ಕಣ್ಣೆದುರಿಗೆ ನಡೆಯುತ್ತಿರುವಾಗ ಗುರುತಿಸದೆ ಹೋಗುವುದು ಸರಿಯೆ?

ಇನ್ನು, ಈ ವಿದೇಶೀ ವಾದ್ಯಕ್ಕೂ ಕನ್ನಡದ ಮಕ್ಕಳಿಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವು ಬಹಳ ಹತ್ತಿರದ್ದು. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಸಜಿಪಮೂಡ ಗ್ರಾಮದಲ್ಲಿ 1949 ರಲ್ಲಿ ಹುಟ್ಟಿದ ಗೋಪಾಲನಾಥರು ನಾಗಸ್ವರ ವಾದಕರಾದ ತನಿಯಪ್ಪನವರ ಮಗ. ಬಾಲಕನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ನುಡಿಸುವುದನ್ನು ಕಂಡು ಮನಸೋತರು. ಸ್ವತಃ ನಾಲ್ವಡಿ ಕೃಷ್ಣರಾಜ ಒಡೆಯರೇ ಬಲ್ಲ ವಾದ್ಯಗಳ ಪೈಕಿ ಸ್ಯಾಕ್ಸೊಫೋನೂ ಒಂದೆಂದ ಮೇಲೆ ಆ ಅರಮನೆಯ ಬ್ಯಾಂಡಿನ ಸಂಗೀತಾಭಿರುಚಿ ಎಂತಹುದೆಂದು ಊಹಿಸಬಹುದು. ಬಾಲಕನು ಆ ವಾದ್ಯವನ್ನೇ ಹಿಡಿದನು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮುಂದೆ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಷ್ಯವೃತ್ತಿ ಮಾಡಿದರು.

ಅವರ ಮುಂದಿದ್ದ ಕಷ್ಟ ಎಂತಹುದು? ಸ್ಯಾಕ್ಸೊಫೋನಿನ ಕೀಲಿಗಳು ಪಾಶ್ಚಾತ್ಯ ಸ್ವರಗಳಿಗೆ ಕಟ್ಟಿದಂಥವು. ಒಂದು ಕೀಲಿ ಒತ್ತಿದರೆ ಒಂದು ಸ್ವರ. ನಮ್ಮ ರಾಗವಾದರೋ ಸ್ವರದಿಂದ ಸ್ವರಕ್ಕೆ ಜಾರುವುದರಲ್ಲಿ, ತೂಗುವುದರಲ್ಲಿ, ಗಮಕದಲ್ಲಿ ಜೀವ ಇಟ್ಟುಕೊಂಡಿದೆ. ಮೆಟ್ಟಿಲುಗಳಿರುವ ಕಡೆ ಇಳಿಜಾರನ್ನು ತೋರಿಸಬೇಕಾದ ಕೆಲಸವದು. ತುಟಿಯ ಒತ್ತಡದಿಂದ, ಉಸಿರಿನ ಹದದಿಂದ, ಬೆರಳಿನ ಜಾಣ್ಮೆಯಿಂದ ಅವರು ಅದನ್ನು ಸಾಧಿಸಿದರು. ಅದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಸಾಧನೆ ಬೇಕಾಯಿತೆಂದು ಹೇಳುತ್ತಾರೆ. 1994 ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಸಂಸ್ಥೆಯವರ ಪ್ರಾಮೆನೇಡ್ ಸಂಗೀತೋತ್ಸವಕ್ಕೆ ಅವರಿಗೆ ಆಹ್ವಾನ ಬಂದಿತು. ಕರ್ನಾಟಕ ಸಂಗೀತಗಾರರಿಗೆ ಅಂತಹ ಆಹ್ವಾನ ಅದೇ ಮೊದಲು. 2004 ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 2019 ರ ಅಕ್ಟೋಬರ್ 11 ರಂದು ಕದ್ರಿ ಗೋಪಾಲನಾಥರು ಮಂಗಳೂರಿನಲ್ಲಿ ನಿಧನ ಹೊಂದಿದರು. ಆದರೆ ಇಂದು ಕರಾವಳಿಯಲ್ಲಿ ದೇವಸ್ಥಾನದ ಉತ್ಸವವಿರಲಿ, ಮದುವೆಯಿರಲಿ, ನೇಮವಿರಲಿ, ಸ್ಯಾಕ್ಸೊಫೋನಿನ ದನಿಯಿಲ್ಲದಿದ್ದರೆ ಏನೋ ಬರಿದೆನಿಸುತ್ತದೆ. ಬೆಲ್ಜಿಯಂನ ಕುಶಲಕರ್ಮಿಯ ಕೂಸು ನಮ್ಮ ದೇವರ ರಥದ ಮುಂದೆ ನಡೆಯುತ್ತಿದೆ. ಇದಕ್ಕಿಂತ ಹೆಚ್ಚಿನ ಸಂಬಂಧ ಇನ್ನೇನು ಬೇಕು?

ಈಗ ನನ್ನ ಸ್ವಂತದ ಮಾತೊಂದನ್ನು ಹೇಳಬೇಕು. ನಾನೂ ಆ ಕರಾವಳಿಯವನೇ. ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮೂರಿನ ದೇವಸ್ಥಾನದಲ್ಲಿ ಊದುತ್ತಿದ್ದ ಹಿರಿಯರೊಬ್ಬರು ಶಾಲೆಯ ಬ್ಯಾಂಡಿನ ಹುಡುಗರಿಗೆ ಸಂಜೆ ಪಾಠ ಹೇಳಲು ಬರುತ್ತಿದ್ದರು. ತಮ್ಮದೇ ಒಂದು ಹಳೆಯ ವಾದ್ಯವನ್ನು ನನ್ನ ಕೊರಳಿಗೆ ಹಾಕಿ, "ಇವನ ಉಸಿರು ಉದ್ದ ಇದೆ" ಎಂದಿದ್ದರು. ನಾಲ್ಕು ತಿಂಗಳು ಕಲಿತೆ. ಒಂದು ಸಂಜೆ ನಮ್ಮ ತಂದೆಯವರಿಗೆ ವಿಷಯ ತಿಳಿಯಿತು. "ವಾಲಗ ಊದುವುದು ನಮ್ಮ ಮನೆತನದ ಕೆಲಸವಲ್ಲ; ಮೆಟ್ರಿಕ್ ಪಾಸು ಮಾಡುವುದು ನಿನ್ನ ಕೆಲಸ" ಎಂದರು. ಮರುದಿನವೇ ವಾದ್ಯವನ್ನು ಹಿಂದಿರುಗಿಸಿದೆ. ಆ ಹಿರಿಯರು ಒಂದು ಮಾತನ್ನೂ ಆಡಲಿಲ್ಲ. ವಾದ್ಯವನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯೊಳಗಿಟ್ಟರು. ನಾನು ಮೆಟ್ರಿಕ್ ಪಾಸಾದೆನು, ಸಾಧಾರಣ ಅಂಕಗಳಿಂದಲೇ. ಬಿಟ್ಟ ಆ ಒಂದು ಗಂಟೆಯಲ್ಲಿ ಗಣಿತವನ್ನು ಕಲಿತೆನೆ? ಇಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಕಳೆದೆ. ತಂದೆಯವರನ್ನು ನಾನು ದೂರುವುದಿಲ್ಲ. ಅವರು ತಿಳಿದದ್ದನ್ನು ಹೇಳಿದರು. ಆದರೆ ಅವರ ಮಾತಿನೊಳಗೆ ಎರಡು ಬೇರೆ ಬೇರೆ ವಿಷಯಗಳಿದ್ದವೆಂದು ನನಗೆ ತಿಳಿಯಲು ಇಷ್ಟು ವರ್ಷಗಳು ಬೇಕಾದವು. ಒಂದು, ಪರೀಕ್ಷೆಯ ಚಿಂತೆ, ಅದು ಯೋಗ್ಯವಾದುದು. ಇನ್ನೊಂದು, ಊದುವವನು ನಮಗಿಂತ ಕೆಳಗಿನವನೆಂಬ ಭಾವನೆ, ಅದು ಅಯೋಗ್ಯವಾದುದು. ಮೊದಲನೆಯದರ ಬೆನ್ನ ಹಿಂದೆ ಎರಡನೆಯದು ಅಡಗಿಕೊಂಡು ಬರುತ್ತದೆ.

ಈ ಎರಡನೆಯ ಭಾವನೆಯ ಕುರಿತು ಸ್ಪಷ್ಟವಾಗಿ ಮಾತಾಡೋಣ. ಮಂಗಳಕಾರ್ಯಕ್ಕೆ ವಾದ್ಯ ಬೇಕು. ವಾದ್ಯದವರಿಗೆ ಮಾತ್ರ ಪಂಕ್ತಿಯಲ್ಲಿ ಕಡೆಯ ಎಲೆ. ತಾಳಿ ಕಟ್ಟುವ ಮುಹೂರ್ತಕ್ಕೆ ಅವರ ಉಸಿರು ಬೇಕು. ಆಮೇಲೆ ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಇಂತಹ ಮನೆಯೊಂದರಲ್ಲಿ ಹುಟ್ಟಿದ ಬಾಲಕನೇ ಮುಂದೆ ಪದ್ಮಶ್ರೀ ಪಡೆದನೆಂಬುದನ್ನು ಮರೆಯಬಾರದು. ಅಷ್ಟೇ ಅಲ್ಲ; ಪ್ರಶಸ್ತಿ ಬಾರದೆ ಹೋಗಿದ್ದರೂ ಆ ಕಸುಬಿನ ಮಾನವು ಕಡಿಮೆಯಾಗುತ್ತಿರಲಿಲ್ಲ. ಗೋಡೆಯನ್ನು ತೂಕದ ಗುಂಡಿನ ನೇರಕ್ಕೆ ಏರಿಸುವ ಗೌಂಡಿಯ ಕೈಗೂ, ಸ್ವರವನ್ನು ಶ್ರುತಿಯ ನೇರಕ್ಕೆ ನಿಲ್ಲಿಸುವ ವಾದಕನ ಉಸಿರಿಗೂ ಯಾವ ಭೇದವನ್ನೂ ನಾನು ಕಾಣೆ.

ನಾವಿರುವ ಈ ಪುಣೆಯಲ್ಲಿ ಇದನ್ನು ತಿಳಿಯುವುದು ಕಷ್ಟವಾಗಬಾರದು. ಅನಂತ ಚತುರ್ದಶಿಯ ದಿನ ಮಂಡಯಿಯಿಂದ ಹೊರಟು ಲಕ್ಷ್ಮೀ ರಸ್ತೆಯುದ್ದಕ್ಕೂ ಸಾಗುವ ಗಣಪತಿಯ ಮೆರವಣಿಗೆಯನ್ನು ನೀವೆಲ್ಲ ನೋಡಿದ್ದೀರಿ. ಢೋಲು ತಾಶೆಗಳ ನಡುವೆ ಹಿತ್ತಾಳೆಯ ಬ್ಯಾಂಡಿನವರು ಬೆವರು ಒರೆಸಿಕೊಳ್ಳಲೂ ಪುರಸೊತ್ತಿಲ್ಲದೆ ಊದುತ್ತಿರುತ್ತಾರೆ. ಮುಂದಿನ ವರ್ಷ ಅವರ ಬಳಿ ಒಂದು ಗಳಿಗೆ ನಿಂತು ಬರಿಯ ಸಪ್ಪಳವನ್ನಲ್ಲ, ಅವರ ಉಸಿರನ್ನು ಕೇಳಿರಿ.

ಹೀಗೆ ಮೆರವಣಿಗೆಯ ಬೆನ್ನು ಹತ್ತಿದ ಒಬ್ಬ ಕನ್ನಡದ ಹುಡುಗನ ಕಥೆಯನ್ನು ಈ ಊರು ಬಲ್ಲದು. ಗದಗಿನಲ್ಲಿ ಶಾಲಾ ಮಾಸ್ತರರೊಬ್ಬರ ಮಗನು ಬೀದಿಯಲ್ಲಿ ವಾದ್ಯದ ಮೆರವಣಿಗೆ ಬಂದರೆ ಸಾಕು, ಅದರ ಹಿಂದೆಯೇ ಹೋಗಿಬಿಡುತ್ತಿದ್ದನಂತೆ; ದಣಿದು ಎಲ್ಲಿಯೋ ಮಲಗಿ ನಿದ್ರಿಸುತ್ತಿದ್ದನಂತೆ. ಹುಡುಕಿ ಹುಡುಕಿ ಸಾಕಾದ ತಂದೆಯು ಅವನ ಅಂಗಿಯ ಮೇಲೆ "ಜೋಶಿ ಮಾಸ್ತರರ ಮಗ" ಎಂದು ಬರೆಸಿದರಂತೆ. ಕಂಡವರು ಮನೆಗೆ ತಲುಪಿಸಲೆಂದು! ಆ ಹುಡುಗನೇ ಪಂಡಿತ ಭೀಮಸೇನ ಜೋಶಿ. ಪುಣೆಯಲ್ಲಿ ನೆಲೆಸಿ, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿನಲ್ಲಿ 1953 ರಲ್ಲಿ ಅವರು ಆರಂಭಿಸಿದ ಸಂಗೀತೋತ್ಸವವು ಇಂದಿಗೂ ಈ ಊರಿನ ಹೆಮ್ಮೆಯಾಗಿದೆ. ತಂದೆಯು ಆ ಅಂಗಿಯ ಮೇಲೆ ಹೆಸರು ಬರೆದರೇ ಹೊರತು ಹುಡುಗನ ಕಾಲಿಗೆ ಹಗ್ಗ ಕಟ್ಟಲಿಲ್ಲ. ಮಾಸ್ತರನಾದ ನನಗೆ ಈ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಆ ಅಂಗಿಯೇ.

ಹಾಗೆಂದು ನಾನು ಅತಿಶಯೋಕ್ತಿ ಮಾಡುವುದಿಲ್ಲ. ಊದಿದವರೆಲ್ಲ ಗೋಪಾಲನಾಥರಾಗುವುದಿಲ್ಲ, ಹಾಡಿದವರೆಲ್ಲ ಭೀಮಸೇನರಾಗುವುದಿಲ್ಲ. ವಾದ್ಯದ ಬೆಲೆ ನಮ್ಮ ಮನೆಗಳಿಗೆ ಭಾರವಾದದ್ದು. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಊದಿದರೆ ನೆರೆಯವರು ಬಾಗಿಲು ತಟ್ಟದೆ ಇರಲಾರರು. ಪಾಠಗಳನ್ನು ಬದಿಗೊತ್ತಿ ವಾದ್ಯ ಹಿಡಿಯುವವನನ್ನು ನಾನೂ ಒಪ್ಪುವುದಿಲ್ಲ. ಈ ಆಕ್ಷೇಪಣೆಗಳೆಲ್ಲ ನಿಜವೇ. ಆದರೆ ಇವುಗಳಿಂದ ತೇಲುವ ತೀರ್ಮಾನವು ವಾದ್ಯವನ್ನು ಬಿಡಬೇಕೆಂಬುದಲ್ಲ, ವಾದ್ಯವು ಶಾಲೆಯಲ್ಲಿ ಇರಬೇಕೆಂಬುದು. ಮನೆಯಲ್ಲಿ ಕೊಳ್ಳಲಾಗದ್ದನ್ನು ಶಾಲೆಯು ಇಟ್ಟಿರಬೇಕು. ಮನೆಯಲ್ಲಿ ಊದಲಾಗದ್ದಕ್ಕೆ ಶಾಲೆಯು ಒಂದು ಕೋಣೆಯನ್ನೂ ಒಂದು ಗಂಟೆಯನ್ನೂ ಕೊಡಬೇಕು. ಶ್ರೀಮಂತರ ಮಕ್ಕಳಿಗೆ ಸಂಗೀತದ ತರಗತಿಗಳು ಎಲ್ಲಿಯೂ ದೊರಕುತ್ತವೆ. ನಮ್ಮ ಮಕ್ಕಳಿಗೆ ಶಾಲೆಯ ಬ್ಯಾಂಡಲ್ಲದೆ ಬೇರೆ ಯಾವ ಬಾಗಿಲಿದೆ?

ಆ ಬಾಗಿಲಿನೊಳಗೆ ಹುಡುಗನು ಕಲಿಯುವುದಾದರೂ ಏನು? ಇಂದು ಬಾರದ ಸ್ವರ ನಾಳೆ ಬಂದೀತೆಂಬ ತಾಳ್ಮೆಯನ್ನು ಕಲಿಯುತ್ತಾನೆ. ಪಕ್ಕದವನ ಡ್ರಮ್ಮನ್ನು ಕೇಳಿಕೊಂಡೇ ತಾನು ಊದಬೇಕೆಂಬ ವಿನಯವನ್ನು ಕಲಿಯುತ್ತಾನೆ. ತನ್ನ ಸರದಿ ಬರುವ ತನಕ ಸುಮ್ಮನಿರುವುದನ್ನೂ, ಬಂದಾಗ ಹಿಂಜರಿಯದಿರುವುದನ್ನೂ ಕಲಿಯುತ್ತಾನೆ. ನುಡಿಸಿದ ಮೇಲೆ ಕೊಳವೆಯೊಳಗಿನ ತೇವವನ್ನು ಬಟ್ಟೆಯೆಳೆದು ಒರೆಸಿ, ರೀಡನ್ನು ಬಿಚ್ಚಿ ಒಣಗಿಸಿ, ಮುಂದಿನವನಿಗೆ ಶುದ್ಧವಾಗಿ ಒಪ್ಪಿಸುವುದನ್ನು ಕಲಿಯುತ್ತಾನೆ. ಇವುಗಳಿಗೆ ಅಂಕಗಳಿಲ್ಲ, ನಿಜ. ಆದರೆ ಅಂಕಗಳನ್ನು ಗಳಿಸಲು ಬೇಕಾದ ಗುಣಗಳೂ ಇವೇ ಅಲ್ಲವೆ?

ಆ ಹುಡುಗನ ತಂದೆಗೆ ಇದನ್ನೆಲ್ಲ ನಾನು ಹೀಗೆ ಹೇಳಲಿಲ್ಲ. ಎರಡನೆಯ ಸಲ ಬಂದಾಗ ಅವರನ್ನು ಹಿಂಬದಿಯ ಕೋಣೆಗೆ ಕರೆದುಕೊಂಡು ಹೋದೆ. ಮಗನು ಕಣ್ಣು ಮುಚ್ಚಿಕೊಂಡು ಒಂದೇ ಸ್ವರವನ್ನು ಹಿಡಿದು ನಿಂತಿದ್ದನು. ತಂದೆ ಬಾಗಿಲಲ್ಲಿಯೇ ನಿಂತು ಬಹಳ ಹೊತ್ತು ಕೇಳಿದರು. ಹೊರಗೆ ಬಂದು, "ಪರೀಕ್ಷಾ ಮುಗಿಯೋತನ ನೋಡೂಣ್ರಿ ಸರ್, ಗಣಿತದಾಗ ಮಾರ್ಕ್ಸ್ ಇಳದ್ರ ಬಿಡಸ್ತೀನಿ" ಎಂದರು. ನಾನು ಒಪ್ಪಿದೆ. ಇದು ನ್ಯಾಯವಾದ ಕರಾರು. ಅಂದಿನಿಂದ ವಾರದಲ್ಲಿ ಎರಡು ದಿನ, ಅಭ್ಯಾಸದ ಮುನ್ನ ಅವನಿಗೆ ಗಣಿತವನ್ನು ನಾನೇ ಹೇಳಿಕೊಡುತ್ತಿದ್ದೇನೆ. ಕನ್ನಡದ ಮಾಸ್ತರನ ಗಣಿತ ಎಷ್ಟರ ಮಟ್ಟಿನದೋ, ಪರೀಕ್ಷೆಯೇ ಹೇಳಬೇಕು!

ಮಿತ್ರರೇ, ನಿಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಇನ್ನು ಮುಂದೆ ಆ ಕಿಟಕಿಯ ಬಳಿ ಹಾದುಹೋಗುವಾಗ ನಗಬೇಡಿರಿ. ಕೀರಲು ದನಿ ಕೇಳಿದರೆ, ಒಬ್ಬನು ಕಲಿಯುತ್ತಿದ್ದಾನೆಂದು ತಿಳಿಯಿರಿ. ಸಾಧ್ಯವಾದರೆ ಒಳಗೆ ಹೋಗಿ ಕುಳಿತುಕೊಳ್ಳಿರಿ. ಕೇಳುವವನೊಬ್ಬನಿದ್ದರೆ ಊದುವವನ ಉಸಿರು ಒಂದು ಗಳಿಗೆ ಉದ್ದವಾಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಆಸೆಯಿದ್ದರೆ ಬಂದು ಹೇಳಿರಿ. ವಾದ್ಯ ಒಂದೇ ಆದರೂ ಸಂಜೆಗಳು ಅನೇಕವಾಗಿವೆ.