ಸಂದೇಶಕ್ಕೆ ಓಡುವ ಪಂಪು, ತಳ ಕಾಣುವ ಹಳ್ಳ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಪಂಪ್‌ಶೆಡ್ಡು ಇರುವುದು ಹೆಚ್ಚಾಗಿ ಮನೆಯಿಂದ ದೂರದಲ್ಲಿ, ಹಳ್ಳದ ಅಂಚಿನಲ್ಲಿ. ತ್ರೀ ಫೇಸ್ ವಿದ್ಯುತ್ ಬರುವ ಹೊತ್ತು ನಡುರಾತ್ರಿಯೂ ಆಗಬಹುದು. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಟಾರ್ಚು ಹಿಡಿದು ಇಳಿಜಾರು ಇಳಿಯಬೇಕಾದವರು ಅರವತ್ತು ದಾಟಿದವರು. ತೋಟಕ್ಕೆ ನೀರುಣಿಸುವ ಕಾಲವೂ ಉಣುಗುಗಳ ಕಾಲವೂ ಒಂದೇ ಆಗಿರುವುದು ಇನ್ನೊಂದು ಸಂಕಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಬೇಸಿಗೆಯ ಕಾಡುದಾರಿಗಳನ್ನು ಇನ್ನೂ ಬಿಟ್ಟುಹೋಗಿಲ್ಲ. ಹೀಗಿರುವಾಗ, ಮೊಬೈಲಿನ ಕಿರುಸಂದೇಶದಿಂದ ಪಂಪನ್ನು ನಡೆಸುವ ಸ್ವಿಚ್ಚನ್ನು ಪರಿಸರದ ಹೆಸರಿನಲ್ಲಿ ವಿರೋಧಿಸುವುದು ಅನ್ಯಾಯ. ಅದನ್ನು ಹೇಗೆ ಕಟ್ಟಲಾಗುತ್ತಿದೆ ಎಂದು ಕೇಳದಿರುವುದೂ ಅಷ್ಟೇ ತಪ್ಪು.

ಕಟ್ಟುವುದೇನೂ ಕಠಿಣವಲ್ಲ. ಸಿಮ್ ಕಾರ್ಡ್ ಹಾಕುವ ಜಿಎಸ್‌ಎಂ ಮಾಡ್ಯೂಲ್, ಸಂದೇಶವನ್ನು ಓದಿ ತೀರ್ಮಾನಿಸುವ ಆರ್ಡುಯಿನೋದಂತಹ ಒಂದು ಫಲಕ, ಎರಡು ರಿಲೇಗಳು, ಇಷ್ಟೇ ಸಾಮಗ್ರಿ. ಒಂದು ರಿಲೇಯನ್ನು ಸ್ಟಾರ್ಟರಿನ ಹಸಿರು ಗುಂಡಿಗೆ ಸಮಾಂತರವಾಗಿಯೂ ಇನ್ನೊಂದನ್ನು ಕೆಂಪು ಗುಂಡಿಯೊಡನೆ ಸರಣಿಯಲ್ಲಿಯೂ ಜೋಡಿಸಿದರೆ ಸಂದೇಶವೇ ಬೆರಳಿನ ಕೆಲಸ ಮಾಡುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಕ್ಷಣೆಯೂ ಹಾಗೆಯೇ ಉಳಿಯುತ್ತದೆ. ಸ್ಟಾರ್ಟರನ್ನು ಬದಿಗಿಟ್ಟು ಪುಟ್ಟ ರಿಲೇಯಿಂದಲೇ ಮೋಟಾರಿಗೆ ವಿದ್ಯುತ್ ಹರಿಸುವ ಜಾಣತನ ಬೆಂಕಿಗೆ ಆಹ್ವಾನ. ಆ ಜೋಡಣೆಯನ್ನು ವಿದ್ಯಾರ್ಥಿಗಳು ಪರವಾನಗಿ ಪಡೆದ ಕೆಲಸಗಾರರಿಗೇ ಬಿಡಬೇಕು. ಅಗ್ಗದ ಸಿಮ್800 ಮಾಡ್ಯೂಲ್ 2ಜಿಯಲ್ಲಿ ಮಾತ್ರ ನಡೆಯುತ್ತದೆ, ಜಿಯೋ ಜಾಲದಲ್ಲಿ 2ಜಿಯೇ ಇಲ್ಲ. ಊರಿಗೆ ಸಿಗುವ ಗೋಪುರ ಯಾವುದೆಂದು ನೋಡಿಯೇ ಕೊಳ್ಳಬೇಕು. ಸಂಕೇತ ಕಳುಹಿಸುವ ಕ್ಷಣದಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುವುದರಿಂದ ಸಣ್ಣ ಚಾರ್ಜರಿಗೆ ಕಟ್ಟಿದರೆ ಪದೇಪದೇ ನಿಂತುಹೋಗುತ್ತದೆ.

ನಿಜವಾದ ತೊಡಕು ಕಿರುಸಂದೇಶದ ಸ್ವಭಾವದಲ್ಲೇ ಇದೆ. ಅದು ಕರೆಯಂತೆ ನೇರವಾಗಿ ಮುಟ್ಟುವುದಿಲ್ಲ. ಕಂಪನಿಯ ಕೇಂದ್ರದಲ್ಲಿ ತಂಗಿ ಮುಂದೆ ಹೋಗುತ್ತದೆ. ಗೋಪುರ ಸತ್ತಿದ್ದರೆ, ಶೆಡ್ಡಿನಲ್ಲಿ ವಿದ್ಯುತ್ ಇಲ್ಲದಿದ್ದರೆ, ಅಲ್ಲಿಯೇ ಕಾಯುತ್ತದೆ. ಸಂಜೆ ಕಳುಹಿಸಿದ ಆನ್ ಆಜ್ಞೆ ರಾತ್ರಿ ಎರಡಕ್ಕೆ ತಲುಪಿ, ಎಲ್ಲರೂ ಮಲಗಿರುವಾಗ ಪಂಪು ಎದ್ದುಬಿಡಬಹುದು. ಸಂದೇಶದೊಡನೆ ಕೇಂದ್ರದ ಸಮಯಮುದ್ರೆಯೂ ಬರುತ್ತದೆ. ಹತ್ತು ನಿಮಿಷಕ್ಕಿಂತ ಹಳೆಯ ಆಜ್ಞೆಯನ್ನು ತಿರಸ್ಕರಿಸುವಂತೆ ಬರೆಯುವುದು ಸುಲಭ. ಪಂಪು ಓಡಿತೇ ಇಲ್ಲವೇ ಎಂಬ ಮರುಸಂದೇಶವೂ ಬರಬೇಕು.

ಇವೆಲ್ಲ ತೋಟದ ಯಜಮಾನನ ನಷ್ಟ ತಪ್ಪಿಸುವ ಮಾತು. ಹಳ್ಳದ ನಷ್ಟದ ಮಾತನ್ನು ಆಡುವವರು ಕಡಿಮೆ. ಪಂಪ್‌ಶೆಡ್ಡಿಗೆ ನಡೆದುಹೋಗುತ್ತಿದ್ದವರು ಗುಂಡಿ ಒತ್ತುವ ಮುನ್ನ ನೀರು ನೋಡುತ್ತಿದ್ದರು. ಫೆಬ್ರುವರಿ ಕಳೆದ ಮೇಲೆ ಗುಂಡಿಯಲ್ಲಿ ಮೀನು ಒದ್ದಾಡುವುದನ್ನು ಕಂಡರೆ ಎಷ್ಟೋ ಮಂದಿ ಒಂದು ದಿನ ಬಿಟ್ಟುಕೊಡುತ್ತಿದ್ದರು. ಬೆಂಗಳೂರಿನ ಬಸ್ಸಿನಲ್ಲಿ ಕುಳಿತು ಸಂದೇಶ ಕಳುಹಿಸುವವನಿಗೆ ಆ ಗುಂಡಿ ಕಾಣುವುದಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಬಿಲ್ಲು ಕೂಡ ಅವನನ್ನು ತಡೆಯದು. ವಿದ್ಯುತ್ ಬಂದೊಡನೆ ತಾನಾಗಿ ಓಡುವ ಆಟೋ ಸ್ಟಾರ್ಟರುಗಳು ಮಾಡಿದ ಹಾನಿಗೆ ಇದು ಎರಡನೆಯ ಕಂತಾಗಬಾರದು.

ಆದ್ದರಿಂದ ಇಂತಹ ಸ್ವಿಚ್ಚನ್ನು ಕಟ್ಟುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಹಳ್ಳದಲ್ಲಿ ನೀರಿನ ಮಟ್ಟ ಅರಿಯುವ ಫ್ಲೋಟ್ ಸ್ವಿಚ್ಚೊಂದನ್ನು ಸೇರಿಸಲೇಬೇಕು. ಅದನ್ನು ಇಡಬೇಕಾದದ್ದು ಪಂಪು ಗಾಳಿ ಎಳೆಯುವ ಮಟ್ಟದಲ್ಲಲ್ಲ. ಕೆಳಗಿನವರಿಗೆ ಹರಿವು ಉಳಿಯುವ ಮಟ್ಟದಲ್ಲಿ. ಆ ಮಟ್ಟವನ್ನು ಗುರುತಿಸಬೇಕಾದವರು ಹಳ್ಳದ ಮೇಲಿನವರೂ ಕೆಳಗಿನವರೂ ಕೂಡಿ. ಎರಡು ಗಂಟೆಗೆ ತಾನಾಗಿ ನಿಲ್ಲುವ ಮಿತಿಯೂ ಇರಲಿ.

ಇನ್ನೊಂದು ಬೇಡಿಕೆ ಕೆಲವರಿಗೆ ಒಗ್ಗದು. ಯಾರ ಸಂದೇಶಕ್ಕೆ ಪಂಪು ಓಗೊಡಬೇಕೆಂಬ ಸಂಖ್ಯೆಗಳ ಪಟ್ಟಿ ಹೇಗೂ ಇರುತ್ತದೆ. ಅದರಲ್ಲಿ ಕೆಳಗಿನ ತೋಟದವರ ಸಂಖ್ಯೆಯೂ ಇರಬೇಕು, ಓಡಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ ಮಾತ್ರ. ಇದರಿಂದ ಜಗಳ ಹುಟ್ಟುತ್ತದೆ ಎಂಬ ಆಕ್ಷೇಪ ಬರುತ್ತದೆ. ಮಾರ್ಚ್ ತಿಂಗಳಲ್ಲಿ ನೀರಿನ ಜಗಳವಿಲ್ಲದ ಹಳ್ಳ ಮಲೆನಾಡಿನಲ್ಲಿ ಎಷ್ಟಿವೆ? ಈಗ ಆ ಜಗಳ ನಡೆಯುತ್ತಿರುವುದು ನೀರು ಮುಗಿದ ಮೇಲೆ.