ಮನೆಗೆ ಬರುವ ‘ಫಿಸಿಯೊ’ ಯಾರು?



ಫಿಸಿಯೊಥೆರಪಿಸ್ಟರು ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳಬಹುದೇ ಎಂಬ ಜಗಳ 2025ರ ಸೆಪ್ಟೆಂಬರ್‌ನಲ್ಲಿ ದಿಲ್ಲಿ ಮುಟ್ಟಿತು. ಕೂಡದೆಂದು ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆಯಿತು, ಮರುದಿನವೇ ಹಿಂದಕ್ಕೆ ಪಡೆಯಿತು. ಪಾರ್ಶ್ವವಾಯು ಆದವರ, ಮಂಡಿ ಬದಲಿಸಿಕೊಂಡವರ ಮನೆಗಳಲ್ಲಿ ನಮ್ಮನ್ನು ಕಾಡುವ ಪ್ರಶ್ನೆ ಅದಲ್ಲ. ದಿನಾ ಬೆಳಿಗ್ಗೆ ಬರುವ ಹುಡುಗ ನಾಲ್ಕೂವರೆ ವರ್ಷ ಓದಿದ ಫಿಸಿಯೊಥೆರಪಿಸ್ಟೋ, ಅವರ ಕೈಕೆಳಗಿನ ಸಹಾಯಕನೋ, ಬರೀ ಮಾಲೀಶಿನವನೋ?

ನಾಸಿಕ್‌ನಲ್ಲಿರುವ ನಮಗೂ ಛತ್ರಪತಿ ಸಂಭಾಜಿನಗರದಲ್ಲಿರುವ ನಮ್ಮ ಬಂಧುಗಳಿಗೂ ಏಜೆನ್ಸಿಯವರು ಕೊಡುವುದು ಒಂದೇ ಉತ್ತರ: ‘ಫಿಸಿಯೊ ಕಳಿಸ್ತೀವಿ.’ ಸಂಭಾಜಿನಗರದ ನಮ್ಮ ಸೋದರತ್ತೆಗೆ ಎಡಭಾಗ ಸ್ವಾಧೀನ ತಪ್ಪಿದಾಗ ಹಾಗೆ ಬಂದವನೊಬ್ಬ ಸೋತ ಕೈಯನ್ನೇ ಹಿಡಿದೆಳೆದು ಎಬ್ಬಿಸಿ ಕೂರಿಸುತ್ತಿದ್ದ. ಸ್ನಾಯುಗಳ ಬಿಗಿ ಹೋದ ಭುಜ ಹಾಗೆ ಎಳೆದರೆ ಕೀಲಿನಿಂದ ಜಾರಬಹುದು. ಕೊನೆಗೆ ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ನೋಡಿ ನಿಲ್ಲಿಸಿದರು. ಅಷ್ಟರಲ್ಲಿ ಅತ್ತೆಗೆ ರಾತ್ರಿ ನಿದ್ದೆ ಬಾರದಷ್ಟು ಭುಜದ ನೋವು ಶುರುವಾಗಿತ್ತು.

ಸಹಾಯಕರೇ ಬೇಡ ಎನ್ನುತ್ತಿಲ್ಲ. ಹಾಸಿಗೆಯಿಂದ ಕುರ್ಚಿಗೆ ಜೋಪಾನವಾಗಿ ದಾಟಿಸುವುದು, ವಾಕರ್ ಹಿಡಿದು ನಡೆಯುವಾಗ ಪಕ್ಕದಲ್ಲಿರುವುದು, ಬರೆದುಕೊಟ್ಟ ವ್ಯಾಯಾಮವನ್ನು ಬೇಸರಪಡದೆ ಮಾಡಿಸುವುದು, ನೋವು, ಬಾವು ಕಂಡರೆ ತಿಳಿಸುವುದು, ಇವೆಲ್ಲ ದೊಡ್ಡ ಕೆಲಸ, ಮರ್ಯಾದೆಯ ಕೆಲಸ. ಆದರೆ ಕಾಯಿಲೆ ಅಳೆದು ಯಾವ ವ್ಯಾಯಾಮ, ಎಷ್ಟು ಭಾರ, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಫಿಸಿಯೊಥೆರಪಿಸ್ಟರ ಹೊಣೆ. ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಜೀವಕ್ಕೇ ಅಪಾಯ. ತಿಳಿದ ಸಹಾಯಕ ಕೈಯಿಡದೆ ಫೋನ್ ಮಾಡುತ್ತಾನೆ, ತಿಳಿಯದವನು ಎಣ್ಣೆ ಕೇಳುತ್ತಾನೆ. ಅಮೆರಿಕದಲ್ಲಿ ಇಂಥ ಸಹಾಯಕರಿಗೆ ಎರಡು ವರ್ಷದ ಓದು, ಪರೀಕ್ಷೆ, ಪರವಾನಗಿ ಎಲ್ಲ ಉಂಟು.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಮಹಾರಾಷ್ಟ್ರಕ್ಕೆ 2002ರ ಕಾಯ್ದೆಯ ಫಿಸಿಯೊಥೆರಪಿ ಪರಿಷತ್ತಿದೆ, ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವಂತೂ ನಾಸಿಕ್‌ನಲ್ಲೇ ಇದೆ. 2021ರ ಕೇಂದ್ರ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ನೆರವಾಗುವ ತಂತ್ರಜ್ಞರಿಗೂ ಕನಿಷ್ಠ 2,000 ಗಂಟೆಗಳ ಶಿಕ್ಷಣ ಬೇಕು. ಕೆಲವು ವಾರಗಳ ಸರ್ಟಿಫಿಕೇಟು ಹಿಡಿದು ಬಂದವರು ಈ ಅಳತೆಗೆ ನಿಲುಕುವುದಿಲ್ಲ. ಆದರೂ ಅವರೇ ಮನೆಮನೆಯಲ್ಲಿ ‘ಫಿಸಿಯೊ’. ಇಷ್ಟೆಲ್ಲ ಕಾನೂನಿದ್ದೂ ರೋಗಿಯ ಮನೆಯವರಿಗೆ ಕೇಳಬೇಕಾದದ್ದು ಏನೆಂದೇ ಗೊತ್ತಿಲ್ಲದಿರುವುದು ನನ್ನ ಆಕ್ಷೇಪ.

ಮನೆಗೆ ಜನ ಕಳಿಸುವ ಏಜೆನ್ಸಿಗಳು ಬಂದವರ ಓದು, ನೋಂದಣಿ ಸಂಖ್ಯೆ, ಸಹಾಯಕನಾದರೆ ಯಾವ ಫಿಸಿಯೊಥೆರಪಿಸ್ಟರ ಮೇಲ್ವಿಚಾರಣೆ ಎಂಬುದನ್ನು ಮೊದಲ ದಿನವೇ ಕಾಗದದ ಮೇಲೆ ಕೊಡುವಂತೆ ಸರ್ಕಾರ ಕಡ್ಡಾಯ ಮಾಡಲಿ. ಸಂಭಾಜಿನಗರದ ಘಾಟಿ, ನಾಸಿಕ್‌ನ ಸಿವಿಲ್ ಆಸ್ಪತ್ರೆಗಳು ರೋಗಿಯನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಮಾಡಿಸಬೇಕಾದ ವ್ಯಾಯಾಮ, ಮಾಡಿಸಬಾರದ್ದು, ಯಾವ ಲಕ್ಷಣ ಕಂಡರೆ ತಕ್ಷಣ ಕರೆತರಬೇಕು ಎಂಬುದನ್ನು ಮರಾಠಿಯಲ್ಲಿ, ಮನೆಯವರು ಓದಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿ ಬರೆದುಕೊಡಲಿ.

ಇತಿ,
ನಿಮ್ಮ ಓದುಗಿ, ನಾಸಿಕ್ ರೋಡ್