ಹಳೆಯ ಮೇಲಿಂಗ್ ಲಿಸ್ಟಿನ ವರ್ಗಾವಣೆ: ತಂತ್ರಜ್ಞನ ಕೆಲಸವೋ, ಲೆಕ್ಕಿಗನ ಕೆಲಸವೋ?

ಸದಸ್ಯರಿಗೆ ಸುತ್ತೋಲೆ, ಡೀಲರುಗಳಿಗೆ ದರಪಟ್ಟಿ, ಸರಬರಾಜುದಾರರಿಗೆ ಟೆಂಡರ್ ಪ್ರಕಟಣೆ ಮುಂತಾದವನ್ನು ಏಕಕಾಲದಲ್ಲಿ ನೂರಾರು ಮಂದಿಗೆ ತಲುಪಿಸುವ ಇ-ಮೇಲ್ ವ್ಯವಸ್ಥೆಗೆ ಮೇಲಿಂಗ್ ಲಿಸ್ಟ್ ಎಂದು ಹೆಸರು. ನಿಗದಿತ ಒಂದು ವಿಳಾಸಕ್ಕೆ ಪತ್ರ ಬರೆದರೆ ಸಾಕು. ಪಟ್ಟಿಯಲ್ಲಿರುವ ಎಲ್ಲರಿಗೂ ಸರ್ವರ್ ಅದರ ಪ್ರತಿಯನ್ನು ರವಾನಿಸುತ್ತದೆ, ಮತ್ತು ಆ ಪತ್ರವನ್ನು ದಿನಾಂಕಸಹಿತ ತನ್ನ ಕಡತದಲ್ಲಿ ಇರಿಸಿಕೊಳ್ಳುತ್ತದೆ. 2000ದ ದಶಕದಲ್ಲಿ ವ್ಯಾಪಾರಿ ಸಂಘಗಳೂ ತಕ್ಕಮಟ್ಟಿನ ಕಾರ್ಖಾನೆಗಳೂ ಉತ್ಸಾಹದಿಂದ ಸ್ಥಾಪಿಸಿಕೊಂಡ ಇಂಥ ಸರ್ವರುಗಳಲ್ಲಿ ಕೆಲವು ಇಂದಿಗೂ ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದು ಓಡುತ್ತಿವೆ. ಸ್ಥಾಪಿಸಿದ ತಂತ್ರಜ್ಞ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿವೆ. ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದೂ ಖಚಿತವಿಲ್ಲ. ನಡೆಯುತ್ತಿರುವುದನ್ನು ಮುಟ್ಟುವುದೇಕೆ ಎಂಬುದು ಮಾಲೀಕರ ಸಾಮಾನ್ಯ ನಿಲುವು. ಮಿತವ್ಯಯದಂತೆ ಕಾಣುವ ಈ ನಿಲುವು, ಯಂತ್ರಕ್ಕೆ ಸವಕಳಿ ತೆಗೆಯದೆ ಲಾಭ ತೋರಿಸುವ ಪದ್ಧತಿಗಿಂತ ಭಿನ್ನವಲ್ಲ.

ಇಂಥ ಸರ್ವರುಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಗೆ ಬಂದ ತಂತ್ರಾಂಶಗಳಲ್ಲಿ ‘ಮೇಲ್‌ಮ್ಯಾನ್’ ಒಂದು. ಅಮೆರಿಕದ ಸಂಗೀತ ತಂಡವೊಂದರ ಅಭಿಮಾನಿಗಳ ಪಟ್ಟಿಗಾಗಿ 1990ರ ದಶಕದಲ್ಲಿ ಜಾನ್ ವೀಗಾ ಬರೆದ ಈ ಉಚಿತ ತಂತ್ರಾಂಶ, ಮುಂದೆ ವಿಶ್ವವಿದ್ಯಾಲಯಗಳನ್ನೂ ವಾಣಿಜ್ಯ ಸಂಸ್ಥೆಗಳನ್ನೂ ಪ್ರವೇಶಿಸಿತು. 2002ರ ಕೊನೆಯಲ್ಲಿ ಹೊರಬಂದ ಅದರ 2.1ನೆಯ ಆವೃತ್ತಿ ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ, 2015ರಲ್ಲಿ 3ನೆಯ ಆವೃತ್ತಿ ಬಿಡುಗಡೆಯಾದ ಮೇಲೂ ಬಹುಮಂದಿ ಹಳೆಯದನ್ನೇ ನೆಚ್ಚಿಕೊಂಡರು. ಆದರೆ ಅದು ನಿಂತಿರುವ ನೆಲವೇ ಈಗ ಕುಸಿದಿದೆ. ಅದನ್ನು ಬರೆದಿರುವ ‘ಪೈಥಾನ್ 2’ ಎಂಬ ಗಣಕಭಾಷೆಗೆ ಅದರ ನಿರ್ಮಾಪಕರ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿತು. ಡೆಬಿಯನ್ ಲಿನಕ್ಸ್ 2021ರ ತನ್ನ 11ನೆಯ ಆವೃತ್ತಿಯಿಂದ ಹಳೆಯ ಮೇಲ್‌ಮ್ಯಾನನ್ನು ಕೈಬಿಟ್ಟಿತು. ಹೀಗಾಗಿ ಹಳೆಯ ತಂತ್ರಾಂಶವನ್ನು ಉಳಿಸಿಕೊಳ್ಳಬೇಕಾದರೆ ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನೂ ಅದರ ಎಲ್ಲ ಭದ್ರತಾ ದೋಷಗಳೊಂದಿಗೆ ಉಳಿಸಿಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಗಂಭೀರವಾದ ತೊಂದರೆ ಕಣ್ಣಿಗೆ ಕಾಣದಂಥದು. 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆಯು, ತನ್ನ ಹೆಸರಿನ ವಿಳಾಸದಿಂದ ಬಂದಂತೆ ತೋರುವ, ಆದರೆ ತನ್ನ ಮುದ್ರೆ ಸರಿಹೊಂದದ ಪತ್ರಗಳನ್ನು ತಿರಸ್ಕರಿಸುವಂತೆ ಇತರ ಸೇವಾದಾತರಿಗೆ ಸೂಚಿಸಿತು. ಈ ಏರ್ಪಾಡಿಗೆ ‘ಡಿಮಾರ್ಕ್’ ಎಂದು ಹೆಸರು. ಸುಳ್ಳು ಪತ್ರಗಳನ್ನು ತಡೆಯುವುದೇ ಅದರ ಉದ್ದೇಶವಾದರೂ ಪೆಟ್ಟು ಬಿದ್ದದ್ದು ಮೇಲಿಂಗ್ ಲಿಸ್ಟುಗಳಿಗೆ. ಏಕೆಂದರೆ ಲಿಸ್ಟ್ ಸರ್ವರ್ ಸದಸ್ಯನ ಪತ್ರವನ್ನು ತೆರೆದು, ವಿಷಯದ ಸಾಲಿಗೆ ಪಟ್ಟಿಯ ಹೆಸರು ಸೇರಿಸಿ, ಕೆಳಗೊಂದು ಟಿಪ್ಪಣಿ ಅಂಟಿಸಿ ಮುಂದಕ್ಕೆ ಕಳುಹಿಸುತ್ತದೆ. ಅರಗಿನ ಮುದ್ರೆಯ ಲಕೋಟೆಯನ್ನು ಒಡೆದು ಚೀಟಿ ಸೇರಿಸಿದಂತೆ ಇದು, ಮುದ್ರೆ ಉಳಿಯುವುದಿಲ್ಲ. ಪರಿಣಾಮವಾಗಿ ಯಾಹೂ ವಿಳಾಸದ ಸದಸ್ಯರೊಬ್ಬರು ಬರೆದ ಪತ್ರ ಜಿಮೇಲ್ ವಿಳಾಸದ ಸದಸ್ಯರಿಂದ ಹಿಂದಿರುಗಿತು. ಪತ್ರ ಹಿಂದಿರುಗಿದಾಗಲೆಲ್ಲ ಹಳೆಯ ಸರ್ವರ್ ಅದನ್ನು ಸ್ವೀಕರಿಸಬೇಕಾದವನ ಲೆಕ್ಕಕ್ಕೇ ಬರೆಯುತ್ತದೆ. ಅಂಕ 5 ತಲುಪಿದರೆ ಅವನಿಗೆ ರವಾನೆ ನಿಲ್ಲಿಸುವುದು ಅದರ ಮೂಲ ಏರ್ಪಾಡು. ತಪ್ಪು ಯಾರದೋ, ದಂಡ ಮತ್ತಾರಿಗೋ. 2014ರಲ್ಲಿಯೇ ಇದಕ್ಕೆ ಪರಿಹಾರವಿರುವ ಉಪ-ಆವೃತ್ತಿ ಬಂದಿತಾದರೂ, ಮುಟ್ಟದೆ ಬಿಟ್ಟ ಸರ್ವರುಗಳಿಗೆ ಅದರ ಪ್ರಯೋಜನ ದೊರೆಯಲಿಲ್ಲ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ನಿಯಮಗಳನ್ನು ಮತ್ತಷ್ಟು ಬಿಗಿಗೊಳಿಸಿವೆ. ತಮಗೆ ಸುತ್ತೋಲೆಯೇ ಬರಲಿಲ್ಲವೆಂದು ಸದಸ್ಯರು ದೂರಿದಾಗ ಕಾರ್ಯದರ್ಶಿಗಳು ಕಳುಹಿಸಿದ ದಾಖಲೆ ತೋರಿಸುತ್ತಾರೆ. ಇಬ್ಬರ ಮಾತೂ ನಿಜವಾಗಿರಬಹುದು.

ಆದ್ದರಿಂದ ಹೊಸ ತಂತ್ರಾಂಶಕ್ಕೆ ಹೋಗಬೇಕೇ ಎಂಬುದು ಚರ್ಚೆಯ ವಿಷಯವಾಗಿ ಉಳಿದಿಲ್ಲ. ಹೇಗೆ ಹೋಗಬೇಕೆಂಬುದರಲ್ಲಿಯೇ ಹೆಚ್ಚಿನವರು ಎಡವುತ್ತಿದ್ದಾರೆ. ಶನಿವಾರ ಸಂಜೆ ಕಂಪ್ಯೂಟರ್ ದುರಸ್ತಿಯ ಹುಡುಗನನ್ನು ಕರೆಸಿ, ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ಹಾಕಿಬಿಡು ಎಂದು ಹೇಳಿ ಮನೆಗೆ ಹೋಗುವ ಮಾಲೀಕರು, ಗೋದಾಮಿನ ದಾಸ್ತಾನನ್ನು ಎಣಿಸದೆ ಹೊಸ ಗೋದಾಮಿಗೆ ಸಾಗಿಸಲು ಒಪ್ಪುವರೇ? ವರ್ಗಾವಣೆಯೆಂಬುದು ಹಳೆಯ ಖಾತೆವಹಿ ಮುಚ್ಚಿ ಹೊಸದನ್ನು ತೆರೆಯುವ ಕೆಲಸ. ಅಖೈರು ಶಿಲ್ಕು ಆರಂಭಿಕ ಶಿಲ್ಕಿಗೆ ತಾಳೆಯಾಗಬೇಕು. ತಾಳೆಯಾಯಿತೆಂದು ಜವಾಬ್ದಾರಿಯುಳ್ಳವರೊಬ್ಬರು ಸಹಿ ಹಾಕಬೇಕು.

ಎಣಿಸಬೇಕಾದ್ದು ವಿಳಾಸಗಳ ಒಟ್ಟು ಸಂಖ್ಯೆಯನ್ನಷ್ಟೇ ಅಲ್ಲ. ಉದಾಹರಣೆಗೆ, ಸಂಘವೊಂದರ ಹಳೆಯ ಪಟ್ಟಿಯಲ್ಲಿ 812 ವಿಳಾಸಗಳಿವೆ ಎಂದು ಇಟ್ಟುಕೊಳ್ಳಬಹುದು. ಅವುಗಳಲ್ಲಿ 640 ಮಂದಿ ಪ್ರತಿ ಪತ್ರವನ್ನೂ ಪಡೆಯುವವರು, 95 ಮಂದಿ ದಿನದ ಪತ್ರಗಳನ್ನು ಒಟ್ಟಾಗಿ ಒಂದೇ ಕಟ್ಟಿನಲ್ಲಿ ಪಡೆಯುವವರು, ಉಳಿದ 77 ಮಂದಿಗೆ ರವಾನೆ ನಿಂತಿದೆ. ಈ 77ರಲ್ಲಿ ತಾವಾಗಿಯೇ ನಿಲ್ಲಿಸಿಕೊಂಡವರೆಷ್ಟು, ಸರ್ವರ್ ನಿಲ್ಲಿಸಿದವರೆಷ್ಟು ಎಂಬುದು ಬೇರೆ ಬೇರೆಯಾಗಿ ತಿಳಿಯಬೇಕು. ಬರಿಯ ವಿಳಾಸಗಳನ್ನು ಎಕ್ಸೆಲ್ ಹಾಳೆಗೆ ಇಳಿಸಿ ಹೊಸದಕ್ಕೆ ಸುರಿದರೆ ಈ ಭೇದಗಳೆಲ್ಲ ಅಳಿಸಿಹೋಗುತ್ತವೆ. ಬೇಡವೆಂದವರಿಗೆ ಪತ್ರಗಳು ಹೋಗುತ್ತವೆ. ದುರ್ಬಳಕೆಗಾಗಿ ಬರೆಯುವ ಹಕ್ಕನ್ನು ಕಳೆದುಕೊಂಡವನು ಪುನಃ ಬರೆಯತೊಡಗುತ್ತಾನೆ. ಮೇಲ್‌ಮ್ಯಾನ್ 3ರಲ್ಲಿ ಹಳೆಯ ಸಂರಚನೆಯನ್ನು ಓದಿಕೊಳ್ಳುವ ಪ್ರತ್ಯೇಕ ಆದೇಶವೇ ಇದೆ. ಅದನ್ನು ಬಳಸಿ, ಪ್ರತಿ ವರ್ಗದ ಸಂಖ್ಯೆಯನ್ನೂ ಎರಡು ಕಡೆ ಬರೆದು ಹೋಲಿಸುವುದು ಅರ್ಧ ದಿನದ ಕೆಲಸ.

ಹಳೆಯ ಪತ್ರಗಳ ಸಂಗ್ರಹದ ವಿಷಯ ಹೆಚ್ಚು ಸೂಕ್ಷ್ಮವಾದುದು. ಹಳೆಯ ಮೇಲ್‌ಮ್ಯಾನ್ ಒಂದು ಪಟ್ಟಿಯ ಎಲ್ಲ ಪತ್ರಗಳನ್ನೂ ಒಂದೇ ಉದ್ದನೆಯ ಕಡತದಲ್ಲಿ ಒಂದರ ಕೆಳಗೊಂದು ಬರೆದಿಡುತ್ತದೆ. ಪ್ರತಿ ಪತ್ರವೂ ‘ಫ್ರಮ್’ ಎಂಬ ಇಂಗ್ಲಿಷ್ ಪದದಿಂದ ಮೊದಲಾಗುವ ಸಾಲಿನಿಂದ ಆರಂಭ; ಅದೇ ಎರಡು ಪತ್ರಗಳ ನಡುವಣ ಗಡಿ. ಪತ್ರದ ಒಡಲಿನಲ್ಲಿಯೇ ಯಾರಾದರೂ ಅದೇ ಪದದಿಂದ ಸಾಲನ್ನು ಆರಂಭಿಸಿದ್ದು, ಅದಕ್ಕೆ ರಕ್ಷಣಾ ಚಿಹ್ನೆ ಬಿದ್ದಿರದಿದ್ದರೆ, ಹೊಸ ತಂತ್ರಾಂಶ ಆ ಒಂದು ಪತ್ರವನ್ನು ಎರಡಾಗಿ ಸೀಳುತ್ತದೆ. ಎರಡನೆಯ ತುಂಡಿಗೆ ಬರೆದವನ ಹೆಸರೂ ಇಲ್ಲ, ದಿನಾಂಕವೂ ಇಲ್ಲ. ಇದನ್ನು ಮೊದಲೇ ಪತ್ತೆಹಚ್ಚುವ ಉಪಕರಣ ಹಳೆಯ ಮೇಲ್‌ಮ್ಯಾನಿನ ಜೊತೆಗೇ ಬರುತ್ತದೆ, ಬಳಸುವವರು ಕಡಿಮೆ. ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿದ ಸಂಸ್ಥೆಗಳಿಗೆ ಇನ್ನೊಂದು ತೊಡಕಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪತ್ರಗಳು ಆ ಅಕ್ಷರಶೈಲಿಯಿಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಹೊಸ ಸರ್ವರಿನ ಹುಡುಕುವ ಸೌಲಭ್ಯಕ್ಕೆ ಅವು ಸಿಕ್ಕುವುದಿಲ್ಲ. ಅವುಗಳ ಯೂನಿಕೋಡ್ ಪ್ರತಿಯನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ಮೂಲವನ್ನು ಮಾತ್ರ ತಿದ್ದಕೂಡದು.

ಹಳೆಯ ಪತ್ರಗಳು ಯಾರಿಗೆ ಬೇಕು ಎಂದು ಕೇಳುವ ಉದ್ಯಮಿಗಳು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತವಾಗಿ ಆಕ್ಷೇಪಿಸದಿದ್ದರೆ, ತಲುಪಿದ ದಿನವೇ ಸ್ವೀಕೃತಿಯ ದಿನವೆಂದು ಭಾವಿಸಲಾಗುತ್ತದೆ. ಒಪ್ಪಂದವೇನೇ ಇರಲಿ, ಅಲ್ಲಿಂದ 45 ದಿನಗಳನ್ನು ಮೀರಿ ಹಣ ತಡೆಹಿಡಿಯುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ನೆಯ ಕರನಿರ್ಧರಣ ವರ್ಷದಿಂದ ಆದಾಯ ತೆರಿಗೆಯ ಕಟ್ಟಳೆಯೂ ಇದಕ್ಕೆ ಜೊತೆಗೂಡಿ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಅವಧಿ ಮೀರಿ ಪಾವತಿಸಿದ ಮೊತ್ತಕ್ಕೆ ಆ ವರ್ಷದ ವೆಚ್ಚವಾಗಿ ಮಾನ್ಯತೆ ದೊರೆಯದಾಯಿತು. ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಅದು ಮಾನ್ಯ. ಮಾಲು ಕಳಪೆಯೆಂದು ಹನ್ನೆರಡನೆಯ ದಿನ ಖರೀದಿದಾರನಿಂದ ಬಂದ ಪತ್ರ, ಅದಕ್ಕೆ ಕಾರ್ಖಾನೆಯ ಉತ್ತರ, ಬದಲಿ ಮಾಲಿನ ಸೂಚನೆ ಇವೆಲ್ಲ ಎಷ್ಟೋ ಕಡೆ ಮಾರಾಟ ವಿಭಾಗದ ಐದಾರು ಮಂದಿಗೆ ಒಟ್ಟಿಗೆ ಹೋಗುವ ಗುಂಪು ವಿಳಾಸಕ್ಕೇ ಬಂದಿರುತ್ತವೆ. ಲಕ್ಷಾಂತರ ರೂಪಾಯಿಗಳ ಬಡ್ಡಿ ಯಾರ ತಲೆಯ ಮೇಲೆ ಬೀಳಬೇಕೆಂಬುದು ಆ ಪತ್ರಗಳ ದಿನಾಂಕದ ಮೇಲೆ ನಿಂತಿದೆ.

ಮಾಹಿತಿ ತಂತ್ರಜ್ಞಾನ ಕಾಯಿದೆ, 2000ದ 7ನೆಯ ಕಲಮು ವಿದ್ಯುನ್ಮಾನ ದಾಖಲೆಯನ್ನು ಇರಿಸಿಕೊಳ್ಳುವವರಿಗೆ ಮೂರು ಷರತ್ತುಗಳನ್ನು ವಿಧಿಸುತ್ತದೆ: ದಾಖಲೆ ಮುಂದೆಯೂ ಓದಲು ದೊರೆಯಬೇಕು, ಮೂಲ ರೂಪದಲ್ಲಿ ಅಥವಾ ಮೂಲವನ್ನು ಯಥಾವತ್ತಾಗಿ ಬಿಂಬಿಸುವ ರೂಪದಲ್ಲಿ ಇರಬೇಕು, ಎಲ್ಲಿಂದ ಎಲ್ಲಿಗೆ ಎಂದು ಹೋಯಿತೆಂಬ ವಿವರ ದಿನಾಂಕ-ಸಮಯಸಹಿತ ಉಳಿದಿರಬೇಕು. ಸೀಳಿಹೋದ ಪತ್ರ ಈ ಪರೀಕ್ಷೆಯಲ್ಲಿ ಗೆಲ್ಲಲಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ದಾಖಲೆಯ ‘ಹ್ಯಾಶ್’ ಸಂಖ್ಯೆಯನ್ನು ನಮೂದಿಸಬೇಕಾಗಿದೆ. ಹ್ಯಾಶ್ ಎಂದರೆ ಕಡತದ ಬೆರಳಗುರುತು. ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ವರ್ಗಾವಣೆಗೆ ಮೊದಲೇ ಹಳೆಯ ಕಡತದ ಹ್ಯಾಶ್ ತೆಗೆದು, ಇಬ್ಬರ ಸಹಿಯೊಂದಿಗೆ ನಡವಳಿ ಪುಸ್ತಕದಲ್ಲಿ ಬರೆದಿಡುವುದಕ್ಕೆ ಐದು ನಿಮಿಷ ಸಾಕು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನದಿಂದ 72 ತಿಂಗಳು, ಕಂಪನಿಯ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳ ಕಾಲ ಕಾಪಾಡಬೇಕೆಂಬ ನಿಯಮವನ್ನು ಪಾಲಿಸುವ ಕಚೇರಿಗಳೇ, ಆ ಲೆಕ್ಕಗಳಿಗೆ ಆಧಾರವಾದ ಪತ್ರವ್ಯವಹಾರವನ್ನು ಗಾಳಿಗೆ ಬಿಡುವುದು ವಿಚಿತ್ರ.

ಹಾಗೆಂದು ಪ್ರತಿಯೊಬ್ಬರೂ ಸ್ವಂತ ಸರ್ವರಿನಲ್ಲಿ ಮೇಲ್‌ಮ್ಯಾನ್ 3ನ್ನು ಸ್ಥಾಪಿಸಬೇಕೆಂದಿಲ್ಲ. ಹಳೆಯದು ಒಂದೇ ಗಂಟಾಗಿದ್ದರೆ ಹೊಸದರಲ್ಲಿ ರವಾನೆಗೊಂದು, ನಿರ್ವಹಣೆಗೊಂದು, ಸಂಗ್ರಹಕ್ಕೊಂದು ಎಂದು ಮೂರು ಭಾಗಗಳಿವೆ. ಅದರ ಹಿಂದೆ ದತ್ತಸಂಚಯವೂ ಬೇಕು. ತಂತ್ರಾಂಶ ಉಚಿತವಾದರೂ ಅದನ್ನು ನೋಡಿಕೊಳ್ಳುವವನ ಸಂಬಳ ಉಚಿತವಲ್ಲ. ನೂರಿನ್ನೂರು ವಿಳಾಸಗಳ ಪಟ್ಟಿಗೆ ಬಾಡಿಗೆಯ ಸೇವೆಯೇ ಲೇಸು. ಆದರೆ ಬಾಡಿಗೆಯ ಮನೆಯಲ್ಲಿ ತಿಜೋರಿ ಗೋಡೆಗೆ ಹುಗಿದಿರಬಾರದು. ದೇಶದ ಅನೇಕ ವೃತ್ತಿಬಾಂಧವರು ನೆಚ್ಚಿಕೊಂಡಿದ್ದ ಯಾಹೂ ಗ್ರೂಪ್ಸ್ 2019ರ ಅಕ್ಟೋಬರಿನಲ್ಲಿ ಹಳೆಯ ಸಂಗ್ರಹವನ್ನು ತೆಗೆದುಹಾಕುವುದಾಗಿ ಪ್ರಕಟಿಸಿ, 2020ರ ಡಿಸೆಂಬರಿನಲ್ಲಿ ಸಂಪೂರ್ಣ ಮುಚ್ಚಿತು. ಪ್ರತಿ ತೆಗೆದಿಟ್ಟುಕೊಳ್ಳದವರ ವರ್ಷಗಳ ಪತ್ರವ್ಯವಹಾರ ಅದರೊಡನೆಯೇ ಹೋಯಿತು. ಇನ್ನು ವಾಟ್ಸ್ಆಪ್ ಗುಂಪು ಶೀಘ್ರ ಸುದ್ದಿಗೆ ಸೊಗಸು. ಆದರೆ ಅಲ್ಲಿನ ದಾಖಲೆ ಒಬ್ಬೊಬ್ಬರ ಕೈಫೋನಿನಲ್ಲಿದೆಯೇ ಹೊರತು ಸಂಸ್ಥೆಯ ಕಪಾಟಿನಲ್ಲಿಲ್ಲ.

ಹಳೆಯ ಯಂತ್ರವನ್ನು ಗುಜರಿಗೆ ಕೊಡುವಾಗಲೂ ಎಚ್ಚರ ಅಗತ್ಯ. ಹಳೆಯ ಮೇಲ್‌ಮ್ಯಾನ್ ಸದಸ್ಯರ ಪಾಸ್‌ವರ್ಡುಗಳನ್ನು ಯಾರೂ ಓದಬಹುದಾದ ರೂಪದಲ್ಲಿಯೇ ಇಟ್ಟುಕೊಂಡು, ತಿಂಗಳಿಗೊಮ್ಮೆ ಅವರಿಗೆ ಇ-ಮೇಲಿನಲ್ಲಿ ನೆನಪಿಸುತ್ತಿತ್ತು! ಅದೇ ಪಾಸ್‌ವರ್ಡನ್ನು ಬೇರೆಡೆಯೂ ಬಳಸುವವರು ಇದ್ದೇ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ತಕ್ಕ ಭದ್ರತೆ ಕೈಗೊಳ್ಳದೆ ಮಾಹಿತಿ ಸೋರಿಹೋದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿಗಳು. ಸಣ್ಣ ಸಂಸ್ಥೆಗೆ ಅಷ್ಟು ಬೀಳಲಾರದೆಂಬ ಸಮಾಧಾನದ ಮೇಲೆ ವ್ಯವಹಾರ ನಡೆಸುವುದು ಯುಕ್ತವಲ್ಲ.

ಕೆಲಸಕ್ಕೆ ದಿನ ನಿಗದಿಪಡಿಸುವಾಗ ಮಾರ್ಚ್ ತಿಂಗಳನ್ನೂ, ಜಿಎಸ್‌ಟಿ ವಿವರಣೆಗಳ ಗಡುವಾದ 11 ಮತ್ತು 20ನೆಯ ತಾರೀಖುಗಳ ಆಸುಪಾಸನ್ನೂ ಬಿಡಬೇಕು. ನಿಗದಿತ ಗಳಿಗೆಯಲ್ಲಿ ಹಳೆಯ ಸರ್ವರ್ ಹೊಸ ಪತ್ರಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಕೊನೆಯ ಪತ್ರದ ಸಮಯವನ್ನು ಬರೆದಿಟ್ಟುಕೊಂಡೇ ಹೊಸದನ್ನು ತೆರೆಯಬೇಕು. ದಾಸ್ತಾನು ಎಣಿಸುವಾಗ ಕೊನೆಯ ಚಲನ್ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವ ಕ್ರಮವೇ ಇದು. ಹೊಸ ವ್ಯವಸ್ಥೆಯಿಂದ ಮೊದಲ ಸುತ್ತೋಲೆ ಹೊರಟ ಮರುದಿನ, ಜಿಮೇಲ್, ಯಾಹೂ ಮತ್ತು ಸ್ವಂತ ಕಂಪನಿ ವಿಳಾಸ ಹೊಂದಿರುವ ಹತ್ತು ಸದಸ್ಯರಿಗೆ ದೂರವಾಣಿ ಮಾಡಿ ಪತ್ರ ಬಂದಿತೇ, ಬಂದದ್ದು ಸ್ಪ್ಯಾಮ್ ಪೆಟ್ಟಿಗೆಗೋ ಎದುರು ಪೆಟ್ಟಿಗೆಗೋ ಎಂದು ವಿಚಾರಿಸಬೇಕು. ಹಳೆಯ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸಿ, ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಬೀಗ ಹಾಕಿದ ಕೋಣೆಯಲ್ಲಿ ಇಡತಕ್ಕದ್ದು.